ಹರಾಜಿನ ಗಣಪತಿ 12ನೇ ಶತಮಾನದ್ದಂತೆ, ತಗೊಳ್ಳಬಹುದಾ?

ಪ್ರಶ್ನೆ: ಡಿಸೆಂಬರಿನಲ್ಲಿ ನಮ್ಮ ಹೊಸ ಮನೆಯ ಒಕ್ಕಲು. ಚಾವಡಿಯಲ್ಲಿ ಇಡಲು ಒಂದು ಕಲ್ಲಿನ ಗಣಪತಿ ಹುಡುಕುತ್ತಿದ್ದೆ. ಆನ್‌ಲೈನ್ ಹರಾಜಿನಲ್ಲಿ ಒಂದು ಕಣ್ಣಿಗೆ ಬಿತ್ತು. ‘ಹೊಯ್ಸಳ ಕಾಲ, 12ನೇ ಶತಮಾನ, ದೇವಸ್ಥಾನದ ಜೀರ್ಣೋದ್ಧಾರದ ವೇಳೆ ಸಿಕ್ಕಿದ್ದು, ಬಹಳ ಅಪರೂಪ’ ಎಂದು ಬರೆದಿದ್ದಾರೆ. ಕೆಳಗೆ ಮೆಟೀರಿಯಲ್ ಎಂಬಲ್ಲಿ ಕಪ್ಪು ಗ್ರಾನೈಟ್ ಎಂದಿದೆ. ಕೂತ ಗಣಪತಿ, ಹಿಂದೆ ಪ್ರಭಾವಳಿ. ಎತ್ತರ 14 ಇಂಚು, ಅಗಲ 9, ದಪ್ಪ 4. ತೂಕ 6.2 ಕಿಲೊ. ಬಿಡ್ 9,000ದಿಂದ ಶುರುವಾಗಿ ಈಗ 41,000ಕ್ಕೆ ಬಂದಿದೆ. ಸೊಂಡಿಲಿನ ತುದಿ, ಒಂದು ಕೈ ಮುರಿದಿದೆ. ಬೇಕಾದರೆ ಕಾರ್ಬನ್ ಟೆಸ್ಟ್ ರಿಪೋರ್ಟ್ ಕೊಡುತ್ತೇವೆ ಎನ್ನುತ್ತಾರೆ. ‘ಮುಟ್ಟಿದರೆ ತಣ್ಣಗಿರಬೇಕು, ಬಡಿದರೆ ಗಂಟೆಯ ಹಾಗೆ ಕೇಳಬೇಕು, ಆಗ ಅಸಲಿ’ ಎಂಬುದು ನಮ್ಮ ಯಜಮಾನರ ಮಾತು. ಅತ್ತೆಗೆ ಮುಕ್ಕಾದ ಮೂರ್ತಿ ಮನೆಗೆ ತರುವುದೇ ಇಷ್ಟವಿಲ್ಲ. ಕಳೆದ ವರ್ಷ ಹೀಗೆಯೇ ಒಂದು ‘ಹಳೇ ನಂದಿ’ ತರಿಸಿದ್ದೆ. ತುಳಸಿಕಟ್ಟೆಯ ಹತ್ತಿರ ಇಟ್ಟಿದ್ದೆ. ಒಂದು ಮಳೆಗಾಲ ಕಳೆಯುವಾಗ ಕಪ್ಪು ಹೋಗಿ ಬೂದಿ ಬಣ್ಣವಾಯಿತು. ಅದೂ ಮೋಸವಾ? ದುಬೈಯಲ್ಲಿರುವ ಅಣ್ಣ ತನಗೂ ಒಂದು ಬೇಕು ಎನ್ನುತ್ತಿದ್ದಾನೆ. ಏನು ಮಾಡಲಿ? ಫೋಟೊಗಳನ್ನು ಕಳಿಸಿದ್ದೇನೆ.
– ಓದುಗರು, ಉಡುಪಿ

ಉತ್ತರ: ಬಿಡ್ ಇನ್ನೂ ಮುಗಿದಿಲ್ಲವಾದರೆ ಕೈ ತಡೆಯಿರಿ. ಕಾರಣ ಕೆಳಗೆ ಹೇಳುತ್ತೇನೆ, ಆದರೆ ಉತ್ತರ ಮೊದಲೇ ಗೊತ್ತಿರಲಿ. ಅವರು ಬರೆದದ್ದು ನಿಜವಾಗಿದ್ದರೆ ಆ ಗಣಪತಿಯನ್ನು ನೀವು ಹೀಗೆ ಕೊಳ್ಳುವಂತಿಲ್ಲ. ಸುಳ್ಳಾಗಿದ್ದರೆ ಅದಕ್ಕೆ 41,000 ರೂಪಾಯಿ ಕೊಡಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ. ಇದು ಕಲ್ಲು ಹೌದಾ? ಹಳೆಯದು ಹೌದಾ? ತಗೊಂಡರೆ ಕಾನೂನಿನ ತೊಂದರೆ ಉಂಟಾ? ಮಾರುವವರಿಗೆ ಇವು ಹೀಗೆ ಸಿಕ್ಕಿಕೊಂಡೇ ಇರಬೇಕು. ಕಲ್ಲು ಎಂದು ಖಾತ್ರಿಯಾದ ಕೂಡಲೇ ಜನ ಹಳೆಯದು ಎಂದೂ ನಂಬಿಬಿಡುತ್ತಾರೆ. ಹಳೆಯದು ಎಂದು ನಂಬಿದ ಮೇಲೆ ಕಾಗದ ಪತ್ರ ಕೇಳುವುದು ಮರೆತೇ ಹೋಗುತ್ತದೆ.

ನಾನು ಕಲ್ಲು ಕೆತ್ತುವವ. ಕಾರ್ಕಳದ ಕಡೆ ಕೆಲಸ ಕಲಿತು, ಕರಾವಳಿಯ ದೇವಸ್ಥಾನಗಳಿಗೆ ಮೂರ್ತಿ ಮಾಡಿಕೊಡುತ್ತಾ, ಹಳೆಯದನ್ನು ದುರಸ್ತಿ ಮಾಡುತ್ತಾ ಬಂದವ. ಈಗೀಗ ಫೋಟೊ ಕಳಿಸಿ ‘ಇದು ಎಷ್ಟು ಹಳೆಯದು’ ಎಂದು ಕೇಳುವವರೇ ಜಾಸ್ತಿ. ಅವರಿಗೆಲ್ಲ ನಾನು ಮೊದಲು ಕೇಳುವುದು ಅಳತೆ ಮತ್ತು ತೂಕ. ನೀವು ಕೇಳುವ ಮೊದಲೇ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಉಂಟು.

14, 9, 4 ಗುಣಿಸಿದರೆ 504 ಘನ ಇಂಚು. ಅಂದರೆ ಸುಮಾರು 8,250 ಸಿಸಿ (ಘನ ಸೆಂಟಿಮೀಟರ್). ಮೂರ್ತಿ ಆ ಇಡೀ ಪೆಟ್ಟಿಗೆಯನ್ನು ತುಂಬುವುದಿಲ್ಲ, ನಿಜ. ಆದರೆ ಪ್ರಭಾವಳಿ ಇರುವ ಕೂತ ಗಣಪತಿ ಅರ್ಧಕ್ಕಿಂತ ಜಾಸ್ತಿಯೇ ತುಂಬುತ್ತದೆ. ಬೇಡ, ಅರ್ಧ ಎಂದೇ ಇಟ್ಟುಕೊಳ್ಳೋಣ. 4,100 ಸಿಸಿ ಆಯಿತು. ಗ್ರಾನೈಟ್ ಆಗಲಿ, ಬಳಪದ ಕಲ್ಲಾಗಲಿ, ನಾವು ಕೆತ್ತುವ ಕಲ್ಲುಗಳೆಲ್ಲ ಒಂದು ಸಿಸಿಗೆ 2.6ರಿಂದ 3 ಗ್ರಾಂ ತೂಗುತ್ತವೆ. ಕಡಿಮೆ ಲೆಕ್ಕ ಹಿಡಿದರೂ ಹತ್ತೂವರೆ ಕಿಲೊ ಇರಬೇಕು. ಅವರು ಬರೆದದ್ದು 6.2. ಸಿಸಿಗೆ ಒಂದೂವರೆ ಗ್ರಾಂ ಬಂತು. ಅದು ಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ ಜಾತಿಯ ಅಂಟಾದ ರೆಸಿನ್‌ನಲ್ಲಿ ಕಲಸಿ ಅಚ್ಚಿಗೆ ಹೊಯ್ದ ಮಾಲಿನ ತೂಕ. ಇಲ್ಲವಾದರೆ ಒಳಗೆ ಪೊಳ್ಳು. ಹೇಗೆ ನೋಡಿದರೂ ಗ್ರಾನೈಟ್ ಅಲ್ಲ.

ಮಾರುವವರು ತೂಕ ತಪ್ಪು ಬರೆದಿರಬಹುದಲ್ವಾ ಎಂದು ನೀವು ಕೇಳಬಹುದು. ಬರೆದಿರಬಹುದು. ಹಾಗಾದರೆ ತಕ್ಕಡಿಯ ಮೇಲಿಟ್ಟು ಒಂದು ವಿಡಿಯೊ ಕಳಿಸಿ ಎಂದು ಕೇಳಿ. ನಿಜವಾದ ಕಲ್ಲು ಇಟ್ಟುಕೊಂಡವನಿಗೆ ಅದು ಎರಡು ನಿಮಿಷದ ಕೆಲಸ.

ಇಲ್ಲಿ ಒಂದು ಎಚ್ಚರಿಕೆ. ತೂಕ ಕಡಿಮೆ ಇದ್ದರೆ ಕಲ್ಲಲ್ಲ ಎನ್ನಬಹುದು. ತೂಕ ಸರಿ ಇದ್ದ ಮಾತ್ರಕ್ಕೆ ಕಲ್ಲು ಎನ್ನಲಾಗದು. ಸಿಮೆಂಟಿನದ್ದು ಸಿಸಿಗೆ 2.0ರಿಂದ 2.4ರವರೆಗೆ ಹೋಗುತ್ತದೆ. ಒಳಗೆ ಕಬ್ಬಿಣದ ಸರಳು ಸೇರಿಸಿದರೆ ಇನ್ನೂ ಹತ್ತಿರ ಬರುತ್ತದೆ.

ಈಗ ಯಜಮಾನರ ಮಾತಿಗೆ ಬರೋಣ. ಅವರು ಸುಮ್ನೆ ಹೇಳಿದ್ದಲ್ಲ. ಕಲ್ಲು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಅದಕ್ಕೇ ತಣ್ಣಗೆ ಅನಿಸುತ್ತದೆ. ಬರೀ ರೆಸಿನ್ ಹಾಗಲ್ಲ. ಆದರೆ ಸಿಮೆಂಟ್ ಕೂಡ ತಣ್ಣಗೇ ಇರುತ್ತದೆ, ಪುಡಿ ಜಾಸ್ತಿ ಹಾಕಿದ ರೆಸಿನ್ ಕೂಡ. ನಾದದ ಮಾತು ನಮ್ಮ ಕಸುಬಿನಿಂದಲೇ ಬಂದದ್ದು. ಶಿಲೆ ಆರಿಸುವಾಗ ಬಡಿದು ನೋಡುತ್ತೇವೆ. ಗಂಟೆಯ ಹಾಗೆ ಕೇಳಿದರೆ ಪುಲ್ಲಿಂಗ ಶಿಲೆ, ಮೂರ್ತಿಗೆ ಆಗುತ್ತದೆ ಎನ್ನುವುದು ಶಿಲ್ಪಿಗಳ ಲೆಕ್ಕ. ಒಳಗೆ ಬಿರುಕಿದ್ದರೆ ಸ್ವರ ಒಡೆಯುತ್ತದೆ. ಹಾಗಾಗಿ ನಾದದಿಂದ ಕಲ್ಲಿನ ಗುಣ ಗೊತ್ತಾಗುತ್ತದೆ, ಕೆತ್ತನೆಯ ವಯಸ್ಸು ಗೊತ್ತಾಗುವುದಿಲ್ಲ. ಮೊನ್ನೆ ಕೆತ್ತಿದ ಕಲ್ಲೂ ಗಂಟೆಯ ಹಾಗೆ ಕೇಳುತ್ತದೆ. 800 ವರ್ಷ ಮಳೆ ಬಿಸಿಲು ತಿಂದು ಒಳಗೆ ಸೀಳಿದ ಅಸಲಿ ಮೂರ್ತಿ ಮಂಕಾಗಿ ಕೇಳಬಹುದು. ಅಷ್ಟಕ್ಕೂ ಹರಾಜಿನ ಫೋಟೊವನ್ನು ಮುಟ್ಟುವುದು ಹೇಗೆ, ಬಡಿಯುವುದು ಹೇಗೆ?

ಕಾರ್ಬನ್ ಟೆಸ್ಟ್ ವಿಷಯಕ್ಕೆ ಜಾಸ್ತಿ ಮಾತು ಬೇಡ. ಆ ಪರೀಕ್ಷೆ ಒಂದು ಕಾಲದಲ್ಲಿ ಜೀವ ಇದ್ದ ವಸ್ತುಗಳಿಗೆ, ಅಂದರೆ ಮರ, ಎಲುಬು, ಬಟ್ಟೆ, ಇದ್ದಿಲು ಇಂಥವಕ್ಕೆ. ಕಲ್ಲಿನ ಕೆತ್ತನೆಗೆ ನಡೆಯುವುದೇ ಇಲ್ಲ. ಕಲ್ಲಿನ ವಯಸ್ಸನ್ನೇ ಬೇರೆ ರೀತಿಯಲ್ಲಿ ಅಳೆದರೂ ಪ್ರಯೋಜನವಿಲ್ಲ. ಕರ್ನಾಟಕದ ಹೆಚ್ಚಿನ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳೇ ಸುಮಾರು 8.8 ಕೋಟಿ ವರ್ಷದವು, ಅವು ನಮ್ಮಲ್ಲಿ ತೀರಾ ಎಳೆಯವು! ಕಲ್ಲಿಗೆ ಉಳಿ ತಾಗಿದ್ದು 12ನೇ ಶತಮಾನದಲ್ಲೋ ಕಳೆದ ತಿಂಗಳೋ ಎಂದು ಬಂಡೆಯ ವಯಸ್ಸು ಹೇಳುವುದಿಲ್ಲ. ಕಲ್ಲಿಗೆ ಕಾರ್ಬನ್ ರಿಪೋರ್ಟ್ ಕೊಡುತ್ತೇನೆ ಎಂದವನ ಹತ್ತಿರ ನಾನು ಮತ್ತೆ ಮಾತು ಮುಂದುವರಿಸುವುದಿಲ್ಲ.

ಹಾಗಾದರೆ ವಯಸ್ಸನ್ನು ತಿಳಿಯುವುದು ಹೇಗೆ? ಕಲ್ಲಿನ ಜಾತಿ, ಉಳಿಯ ಗುರುತು, ಸವೆತ, ಶೈಲಿ, ಎಲ್ಲಿಂದ ಯಾರ ಕೈಯಿಂದ ಬಂತು ಎಂಬ ದಾಖಲೆ, ಇವೆಲ್ಲ ಒಂದಕ್ಕೊಂದು ಹೊಂದುತ್ತವಾ ಎಂದು ನೋಡಬೇಕು. ಒಂದೇ ಒಂದು ಲಕ್ಷಣ ಹಿಡಿದು ತೀರ್ಪು ಹೇಳುವವರನ್ನು ನಂಬಬೇಡಿ.

ನಿಮ್ಮ ಗಣಪತಿಯಲ್ಲಿ ಕಲ್ಲಿನ ಜಾತಿಯೇ ಹೊಂದುವುದಿಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ಕೆಲಸ ಬಳಪದ ಕಲ್ಲಿನದು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅವರಿಗೆ ಸರದ ಒಂದೊಂದು ಮಣಿಯನ್ನೂ ಬೇರೆ ಬೇರೆಯಾಗಿ ಬಿಡಿಸಲು ಆಯಿತು. ಬೇಲೂರಿನ ದೇವಸ್ಥಾನ 1117ರದ್ದು, ಸೋಮನಾಥಪುರ 1258ರದ್ದು. ಎರಡರಲ್ಲೂ ಆಭರಣದ ಹಿಂದೆ ಬೆಳಕು ನುಗ್ಗುವ ಹಾಗೆ ಕೊರೆದಿದ್ದಾರೆ. ಒಂದೇ ಉಸಿರಿನಲ್ಲಿ ‘ಹೊಯ್ಸಳ’ ಮತ್ತು ‘ಗ್ರಾನೈಟ್’ ಎಂದು ಬರೆದವರಿಗೆ ಎರಡರ ಬಗ್ಗೆಯೂ ಗೊತ್ತಿಲ್ಲ, ಅಥವಾ ನಮಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಬಾದಾಮಿ ಚಾಲುಕ್ಯರದ್ದು ಎಂದು ಕಪ್ಪು ಕಲ್ಲಿನ ಮೂರ್ತಿ ಮಾರುವವರೂ ಇದ್ದಾರೆ. ಬಾದಾಮಿಯದ್ದು ಕೆಂಪು ಮರಳುಗಲ್ಲು ಎಂದು ಶಾಲೆಯ ಪ್ರವಾಸಕ್ಕೆ ಹೋದ ಮಕ್ಕಳಿಗೂ ಗೊತ್ತು. ತಮಾಷೆ ಏನೆಂದರೆ ನಮ್ಮ ಕರಾವಳಿಯನ್ನು ಆಳಿದ ಆಳುಪರ ಹೆಸರಲ್ಲಿ ಯಾರೂ ನಕಲಿ ಮಾರುವುದನ್ನು ನಾನು ಕಂಡಿಲ್ಲ. ಹೊಯ್ಸಳ, ಚೋಳ ಎಂದರೆ ಮಾತ್ರ ಬಿಡ್ ಏರುತ್ತದೆ.

ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಕಿವಿ ಮತ್ತು ಭುಜದ ನಡುವೆ ಉಳಿ ಹೋಗಬೇಕಾದ ಜಾಗದಲ್ಲಿ ಮೇಣ ತುಂಬಿದ ಹಾಗೆ ಮಟ್ಟಸವಾಗಿದೆ. ಹೊಟ್ಟೆಯ ಮೇಲಿನ ನಾಗಬಂಧ, ಅಂದರೆ ಹಾವಿನ ಪಟ್ಟಿ, ಗೆರೆಯಾಗಿ ಉಳಿದಿದೆ, ಹುರಿಯಾಗಿ ಎದ್ದಿಲ್ಲ. ಪೀಠದ ಮುಂಭಾಗದ ಎಡತುದಿಯಲ್ಲಿ ಸಾಸಿವೆಯಷ್ಟು ಸಣ್ಣ ಗುಂಡಗಿನ ಗುಳಿಗಳು ಕಾಣುತ್ತವೆ. ಕಲ್ಲು ಏಟಿಗೆ ಚಕ್ಕೆ ಏಳುತ್ತದೆ, ಅದರ ಅಂಚು ಚೂಪಾಗಿರುತ್ತದೆ. ಗುಂಡಗಿನ ಗುಳಿ ಬರುವುದು ಅಚ್ಚಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಾಗ. ಅಚ್ಚಿನ ಎರಡು ಭಾಗ ಸೇರುವ ಗೆರೆ ಬದಿಯಲ್ಲಿ ಇರಬೇಕು, ಆದರೆ ಬದಿಯ ಫೋಟೊ ಅವರು ಹಾಕಿಯೇ ಇಲ್ಲ. ಹಿಂಬದಿಯದ್ದೂ ಇಲ್ಲ, ಅಡಿಯದ್ದೂ ಇಲ್ಲ. ಏಳು ಫೋಟೊದಲ್ಲಿ ಏಳೂ ಮುಖದ್ದೇ ಆದರೆ ನನಗೆ ಅಲ್ಲೇ ಸಂಶಯ.

ಇನ್ನೊಂದು ಸುಲಭದ ಕೆಲಸ. ಆ ಫೋಟೊವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಇದೇ ಗಣಪತಿ ಬೇರೆ ಊರಿನ, ಬೇರೆ ಹೆಸರಿನ ಮಾರಾಟಗಾರರ ಹತ್ತಿರ ಸಿಗುತ್ತದಾ ನೋಡಿ. ಸಿಕ್ಕಿದರೆ ಮುರಿದ ಕೈಯನ್ನು ಗಮನಿಸಿ. ಕಲ್ಲಿನ ಎರಡು ಮೂರ್ತಿ ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ ಮುರಿಯುವುದಿಲ್ಲ. ಮುಕ್ಕೂ ಒಂದೇ ರೀತಿ ಇದ್ದರೆ ಅದು ಅಚ್ಚಿನಿಂದಲೇ ಮುಕ್ಕಾಗಿ ಹುಟ್ಟಿದ್ದು.

ಈ ಮುರಿಯುವ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆಯ ಮೂರ್ತಿ ಮುರಿಯುವುದು ಹೊರಗೆ ಚಾಚಿದ ಕಡೆ, ಅಂದರೆ ಸೊಂಡಿಲು, ಕೈ, ಕೈಯಲ್ಲಿರುವ ಆಯುಧ, ಮೂಗು. ಹಳಬರ ಕಣ್ಣಿಗೆ ಅದು ಗೊತ್ತಿದೆ, ನಕಲಿ ಮಾಡುವವರಿಗೂ ಗೊತ್ತಿದೆ. ಹಾಗಾಗಿ ಹೊಸ ಮೂರ್ತಿಗೆ ಎರಡು ಏಟು ಕೊಟ್ಟು ಹಳೆಯದು ಮಾಡುತ್ತಾರೆ. ಆದರೆ ಕೊಳ್ಳುವವರಿಗೆ ಮುಖ ಚಂದ ಬೇಕಲ್ಲ, ಮುಖ ಮುಟ್ಟುವುದಿಲ್ಲ. ಎರಡು ಕೈ ಹೋಗಿ, ಪೀಠ ಒಡೆದು, ಕಣ್ಣು ರೆಪ್ಪೆ ಮಾತ್ರ ನಿನ್ನೆ ಕೆತ್ತಿದ ಹಾಗೆ ಇದ್ದರೆ ಎಚ್ಚರ. ಮುರಿದ ಜಾಗದ ಬಣ್ಣವೂ ನೋಡಿ. ನೂರಾರು ವರ್ಷದ ಹಿಂದೆ ಮುರಿದಿದ್ದರೆ ಆ ಜಾಗವೂ ಸವೆದು, ಅಂಚು ಮೊಂಡಾಗಿ, ಅದರದ್ದೇ ಒಂದು ಬಣ್ಣಕ್ಕೆ ಬಂದಿರುತ್ತದೆ. ಹೊಸ ಏಟಾದರೆ ಒಳಗಿನ ಬಿಳಿ ಬೂದಿ ಕಾಣುತ್ತದೆ, ಅಥವಾ ಅದನ್ನು ಮುಚ್ಚಲು ಇಡೀ ಮೂರ್ತಿಗೆ ಬಳಿದ ಬಣ್ಣವೇ ಅಲ್ಲೂ ಇರುತ್ತದೆ.

ನಿಮ್ಮ ಅತ್ತೆಯ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದೂ ಕಸುಬಿನ ಕಾರಣಕ್ಕೆ. ಭಿನ್ನವಾದ ವಿಗ್ರಹಕ್ಕೆ ಪೂಜೆ ಇಲ್ಲ. ಜೀರ್ಣೋದ್ಧಾರ ಆಗುವಾಗ ಹಳೆಯ ವಿಗ್ರಹ ಪೂಜೆಗೆ ಯೋಗ್ಯವಲ್ಲ ಎಂದಾದರೆ ತಂತ್ರಿಗಳು ಹೇಳಿದ ಹಾಗೆ ಹೊಳೆಗೋ ಸಮುದ್ರಕ್ಕೋ ಬಿಡುವುದು ನಮ್ಮ ಕಡೆಯ ಪದ್ಧತಿ. ಅದನ್ನು ಒಬ್ಬರು ಗೋಣಿಯಲ್ಲಿ ಸುತ್ತಿ ಮಾರಿದರು ಎಂದಾದರೆ ಅಲ್ಲಿಗೇ ಏನೋ ತಪ್ಪಿದೆ. ದೇವಸ್ಥಾನದ ವಿಗ್ರಹ ದೇವಸ್ಥಾನದ ಆಸ್ತಿ. ಉಡುಪಿ, ದಕ್ಷಿಣ ಕನ್ನಡ, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಎಲ್ಲಿ ನೋಡಿದರೂ ಜೀರ್ಣೋದ್ಧಾರ, ಬ್ರಹ್ಮಕಲಶ ನಡೆಯುತ್ತಲೇ ಇರುತ್ತದೆ. ಹಾಗಾಗಿ ಈ ಕತೆ ಯಾರಿಗೂ ಅಸಂಭವ ಅನಿಸುವುದಿಲ್ಲ. ಮಾರುವವರು ಅದನ್ನೇ ನೆಚ್ಚಿಕೊಂಡಿದ್ದಾರೆ.

ಈಗ ಪಾಚಿ. ‘ನೋಡಿ, ಎಷ್ಟು ಪಾಚಿ ಹಿಡಿದಿದೆ’ ಎಂದು ತೋರಿಸುವ ಫೋಟೊಗಳು ಬೇರೆ ಊರಿನವರನ್ನು ಮರುಳು ಮಾಡಬಹುದು. ಉಡುಪಿಯವರನ್ನು ಮಾಡಬಾರದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು. ಸಿಮೆಂಟಿನ ಕಂಪೌಂಡ್ ಗೋಡೆ ಮೂರು ಮಳೆಗಾಲಕ್ಕೆ ಬಾರ್ಕೂರಿನ ಹಳೇ ಬಸದಿಯ ಹಾಗೆ ಕಾಣುತ್ತದೆ! ಅದಲ್ಲದೆ ಹಳೆಯದು ಮಾಡುವ ಕೈಚಳಕಗಳು ಬೇಕಾದಷ್ಟಿವೆ. ಮಸಿ ಮತ್ತು ಎಣ್ಣೆ ಉಜ್ಜುತ್ತಾರೆ. ಚಹದ ನೀರು, ತುಕ್ಕಿನ ನೀರು ಹಾಕುತ್ತಾರೆ. ಮಜ್ಜಿಗೆ ಸವರಿ ನೆರಳಲ್ಲಿ ಇಟ್ಟು ಪಾಚಿ ಬರಿಸುತ್ತಾರೆ. ಸೆಗಣಿ ಗುಂಡಿಯಲ್ಲಿ ಹೂಳುತ್ತಾರೆ. ಆಸಿಡ್ ಹಾಕಿ ಮೈ ತಿನ್ನಿಸುತ್ತಾರೆ, ಅದು ಅಮೃತಶಿಲೆಗೆ ಚೆನ್ನಾಗಿ ಹತ್ತುತ್ತದೆ.

ಇವೆಲ್ಲವಕ್ಕೂ ಒಂದು ಸಮಾನ ದೋಷ ಉಂಟು. ಮೂರ್ತಿಯ ಮೇಲೆಲ್ಲ ಒಂದೇ ಸಮ ಹರಡಿರುತ್ತವೆ. ನಿಜವಾದ ಕಾಲ ಹಾಗೆ ಕೆಲಸ ಮಾಡುವುದಿಲ್ಲ. ಮಳೆ ಬೀಳುವ ತಲೆ, ಭುಜ ಒಂದು ರೀತಿ ಸವೆದರೆ ಗದ್ದದ ಕೆಳಗೆ, ತೋಳಿನ ಒಳಗೆ ಇನ್ನೊಂದು ರೀತಿ. ಗರ್ಭಗುಡಿಯಲ್ಲಿದ್ದ ವಿಗ್ರಹವಾದರೆ ಅಭಿಷೇಕದ ಎಣ್ಣೆ, ಹಾಲು ಇಳಿದ ದಾರಿಯಲ್ಲಿ ಕಲ್ಲು ನುಣುಪಾಗಿರುತ್ತದೆ. ಜನ ಮುಟ್ಟಿ ನಮಸ್ಕರಿಸಿದ ಪಾದ ಸವೆದಿರುತ್ತದೆ, ಮುಟ್ಟದ ಹಿಂಬದಿಯಲ್ಲಿ ಉಳಿಯ ಗುರುತು ಉಳಿದಿರುತ್ತದೆ. ಎಲ್ಲಿ ಹೇಗೆ ನಿಂತಿತ್ತು ಎಂದು ಸವೆತ ನೋಡಿಯೇ ಹೇಳಲು ಬರಬೇಕು.

ಇನ್ನು ಎರಡನೆಯ ಜಾತಿಯ ನಕಲಿ ಇದೆ, ಅದು ಹಿಡಿಯಲು ಕಷ್ಟ. ಕಲ್ಲು ಅಸಲಿ, ಕೆತ್ತನೆ ಹೊಸತು. ಮೊದಲು ಮೆಷಿನ್ ಕೆಲಸ ನೋಡಿ. ಗ್ರೈಂಡರ್ ಹಾಕಿದ ಕಡೆ ಒಳಮೂಲೆಗಳಲ್ಲಿ ನೇರ ಗೀರು ಸ್ವಲ್ಪ ಮುಂದೆ ದಾಟಿ ಹೋಗಿರುತ್ತದೆ, ಬ್ಲೇಡ್ ಅಲ್ಲೇ ನಿಲ್ಲುವುದಿಲ್ಲ. ಸಿಎನ್‌ಸಿಯಲ್ಲಿ ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್ನಿನಲ್ಲಿ ಕೊರೆದದ್ದಾದರೆ ಒಳಮೂಲೆಗಳೆಲ್ಲ ಒಂದೇ ಗಾತ್ರದಲ್ಲಿ ಗುಂಡಗೆ ಇರುತ್ತವೆ. ಓರೆಯಾಗಿ ಬೆಳಕು ಬಿಟ್ಟರೆ ಸಮಾನಾಂತರ ಸಣ್ಣ ಗೆರೆಗಳು ಕಾಣುತ್ತವೆ. ಹಿಂಬದಿಯಲ್ಲಿ ಗರಗಸದ ಕಮಾನಿನ ಗೀರು ಇರುತ್ತದೆ. ಆದರೆ ‘ಇಷ್ಟು ಸರಿಯಾದ ವೃತ್ತ ಕೈಯಿಂದ ಸಾಧ್ಯವಿಲ್ಲ, ಹಾಗಾಗಿ ಹೊಸತು’ ಎನ್ನುವ ವಾದ ನಿಲ್ಲುವುದಿಲ್ಲ. ಹೊಯ್ಸಳರ ಕಾಲದಲ್ಲೇ ಕಂಬಗಳನ್ನು ತಿರುಗಿಸಿ ಕಡೆಯುತ್ತಿದ್ದರು. ಶಾಸನ ಇದ್ದರೆ ಅಕ್ಷರ ನೋಡಿ. 12ನೇ ಶತಮಾನದ್ದು ಎನ್ನುವ ಮೂರ್ತಿಯ ಪೀಠದಲ್ಲಿ ಇವತ್ತಿನ ಮದುವೆ ಕಾಗದದ ‘ಶ್ರೀ’ ಕೊರೆದದ್ದನ್ನು ನೋಡಿ ನಕ್ಕಿದ್ದುಂಟು.

ಕೈಯಲ್ಲೇ, ಉಳಿ ಸುತ್ತಿಗೆಯಲ್ಲೇ ಕೆತ್ತಿ ಆಮೇಲೆ ಹಳೆಯದು ಮಾಡಿದ್ದಾದರೆ ಫೋಟೊದಲ್ಲಿ ಹೇಳುವುದು ನನಗೂ ಕಷ್ಟ. ಕೈಯಲ್ಲಿ ಹಿಡಿದು, ಭೂತಗನ್ನಡಿ ಹಾಕಿ ನೋಡಬೇಕು. ಫೋಟೊ ನೋಡಿಯೇ ‘ಖಂಡಿತ ಅಸಲಿ’ ಎನ್ನುವ ತಜ್ಞರನ್ನು ನಾನು ನಂಬುವುದಿಲ್ಲ. ಫೋಟೊದಿಂದ ‘ಖಂಡಿತ ಅಲ್ಲ’ ಎನ್ನಬಹುದು, ಅಷ್ಟೇ.

ಕೆತ್ತಿದವರ ಮೇಲೆ ನನಗೆ ಸಿಟ್ಟಿಲ್ಲ. ಮಹಾಬಲಿಪುರದಲ್ಲೋ, ಕೋಲಾರದ ಶಿವಾರಪಟ್ಟಣದಲ್ಲೋ, ನಮ್ಮ ಕಾರ್ಕಳದಲ್ಲೋ ಒಬ್ಬ ಶಿಲ್ಪಿ ಹಳೆಯ ಮಾದರಿ ನೋಡಿ ಹೊಸ ಗಣಪತಿ ಕೆತ್ತಿದರೆ ಅದು ನಕಲಿ ಹೇಗಾದೀತು? ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕೆತ್ತಿದರು. 1973ರಲ್ಲಿ ಅದನ್ನು ಧರ್ಮಸ್ಥಳಕ್ಕೆ ಸಾಗಿಸಿದರು. ಕಾರ್ಕಳದ 1432ರ ಮೂರ್ತಿಯ, ವೇಣೂರಿನ 1604ರ ಮೂರ್ತಿಯ ಪರಂಪರೆಯಲ್ಲೇ ಅದೂ ನಿಂತಿದೆ. ಅದನ್ನು ಯಾರೂ ನಕಲು ಎನ್ನುವುದಿಲ್ಲ, ಯಾಕೆಂದರೆ ಯಾರೂ ಅದನ್ನು 15ನೇ ಶತಮಾನದ್ದು ಎಂದು ಹೇಳಿಲ್ಲ. ಶಿಲ್ಪಿಯ ಬಿಲ್ಲಿನಲ್ಲಿ ‘ಗಣಪತಿ, ಕರಿಕಲ್ಲು, 14 ಇಂಚು’ ಎಂದಷ್ಟೇ ಇರುತ್ತದೆ. ದೊಡ್ಡ ಊರಿನ ವ್ಯಾಪಾರಿ ‘ಆಂಟಿಕ್ ಫಿನಿಶ್’ ಸೇರಿಸುತ್ತಾನೆ. ಅವನಿಂದ ತಗೊಂಡವ ‘ಫಿನಿಶ್’ ಬಿಟ್ಟುಬಿಡುತ್ತಾನೆ. ಹರಾಜಿಗೆ ಬರುವಾಗ ಶತಮಾನ ಮತ್ತು ದೇವಸ್ಥಾನ ಸೇರಿಕೊಂಡಿರುತ್ತದೆ. ಎಲ್ಲರೂ ಕಳ್ಳರಲ್ಲ. ಅಪ್ಪ ಯಾವತ್ತೋ ಟೂರಿಗೆ ಹೋದಾಗ ತಂದದ್ದನ್ನು ಮಕ್ಕಳು ನಿಜವಾಗಿಯೂ ಹಳೆಯದೆಂದೇ ನಂಬಿ ಮಾರುವುದುಂಟು. ಆದರೆ ಅವರ ನಂಬಿಕೆಯ ಬೆಲೆ ನೀವು ಯಾಕೆ ಕೊಡಬೇಕು?

ಒಂದು ವೇಳೆ ಅದು ನಿಜವಾಗಿಯೂ ಹಳೆಯದಾದರೆ? 1972ರ ಪುರಾತನ ವಸ್ತುಗಳ ಕಾಯ್ದೆ 1976ರಿಂದ ಜಾರಿಯಲ್ಲಿದೆ. 100 ವರ್ಷ ದಾಟಿದ ಶಿಲ್ಪವೆಲ್ಲ ಅದರ ಅಡಿಗೆ ಬರುತ್ತದೆ. ಅಂಥದ್ದನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ಕಲ್ಲಿನ ಶಿಲ್ಪಗಳನ್ನು ಪುರಾತತ್ವ ಸರ್ವೇಕ್ಷಣೆಯ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಿರಬೇಕು. ಕೈ ಬದಲಾದಾಗ ಅವರಿಗೆ ತಿಳಿಸಬೇಕು. ನೆಲದಡಿ ಸಿಕ್ಕಿದ್ದಾದರೆ ನಿಧಿ ಕಾಯ್ದೆ ಬೇರೆ ಇದೆ. ಸಿಕ್ಕಿದವರು ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಕದ್ದ ಮಾಲೆಂದು ಗೊತ್ತಾದರೆ ದುಡ್ಡೂ ಹೋಗುತ್ತದೆ, ಮೂರ್ತಿಯೂ ಹೋಗುತ್ತದೆ, ಪೊಲೀಸ್ ಠಾಣೆಗೆ ಅಲೆದಾಟ ಉಳಿಯುತ್ತದೆ.

ಕಾಗದ ಇದೆ ಎಂದ ಮಾತ್ರಕ್ಕೂ ನೆಮ್ಮದಿಯಿಲ್ಲ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಆರ್ಟ್ ಗ್ಯಾಲರಿ 2004ರಲ್ಲಿ ಒಂದು ಕಲ್ಲಿನ ಅರ್ಧನಾರೀಶ್ವರನನ್ನು ಕಾಗದಪತ್ರ ಸಹಿತವೇ ಕೊಂಡಿತ್ತು. ಅದು ತಮಿಳುನಾಡಿನ ವೃದ್ಧಾಚಲಂ ದೇವಸ್ಥಾನದ್ದು ಎಂದು ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯ ಹಳೆಯ ಫೋಟೊಗಳಿಂದ ಗೊತ್ತಾಯಿತು. 2014ರಲ್ಲಿ ಭಾರತಕ್ಕೆ ಮರಳಿತು. ಅಷ್ಟು ದೊಡ್ಡ ಸಂಸ್ಥೆಯೇ ಕಾಗದ ನಂಬಿ ಸೋತಿದೆ. ಕದ್ದ ಕಲಾವಸ್ತುಗಳನ್ನು ಹುಡುಕಿ ನೋಡಲು ಇಂಟರ್‌ಪೋಲ್‌ನ ‘ಐಡಿ-ಆರ್ಟ್’ ಎಂಬ ಉಚಿತ ಆ್ಯಪ್ ಇದೆ. ಯಾರು ಬೇಕಾದರೂ ಬಳಸಬಹುದು.

ಆ ಮಾರಾಟಗಾರರಿಗೆ ನೀವು ಮಾಡಬಹುದಾದದ್ದು ಇಷ್ಟು. ಹರಾಜು ತಾಣದ ಮೆಸೇಜಿನಲ್ಲೇ, ವಾಟ್ಸ್‌ಆ್ಯಪ್‌ನಲ್ಲಿ ಅಲ್ಲ, ಹೀಗೆ ಬರೆಯಿರಿ: ‘12ನೇ ಶತಮಾನದ್ದು ಎಂದಿದ್ದೀರಿ. ನಿಮ್ಮ ಲೈಸೆನ್ಸ್ ಮತ್ತು ಈ ಶಿಲ್ಪದ ನೋಂದಣಿ ಪ್ರಮಾಣಪತ್ರದ ಪ್ರತಿ ಕಳಿಸಿ. ಹಿಂಬದಿ, ಅಡಿ, ಮುರಿದ ಜಾಗದ ಫೋಟೊ ಬೇಕು. ಕತ್ತಲಲ್ಲಿ ಬದಿಯಿಂದ ಟಾರ್ಚ್ ಬಿಟ್ಟು ಒಂದು ಫೋಟೊ ಬೇಕು. ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸುವ ವಿಡಿಯೊ ಬೇಕು.’ ಹೆಚ್ಚಿನವರು ಅಲ್ಲಿಗೇ ಸುಮ್ಮನಾಗುತ್ತಾರೆ. ಕೆಲವರು ‘ಅದು ಹೊಯ್ಸಳ ಸ್ಟೈಲ್ ಮೇಡಂ, ಡೆಕೊರೇಶನ್ ಪೀಸ್’ ಎಂದು ಸ್ವರ ಇಳಿಸುತ್ತಾರೆ. ಆಗ ಡೆಕೊರೇಶನ್ ಪೀಸಿನ ಬೆಲೆ ಮಾತಾಡಬಹುದು. ರೆಸಿನ್ ಗಣಪತಿ ಎಂದು ಗೊತ್ತಿದ್ದೇ ಕಡಿಮೆಗೆ ತಗೊಂಡರೆ ಅದರಲ್ಲಿ ತಪ್ಪೇನಿಲ್ಲ, ಆದರೆ ಬಿಸಿಲಿಗೆ ಇಡಬೇಡಿ. ಹರಾಜಿನಲ್ಲಿ ಬಿಡ್ಡಿನ ಮೇಲೆ ಕಮಿಷನ್ ಎಂದು ಶೇ. 20-25ರವರೆಗೂ ಸೇರಿಸುವುದುಂಟು, ಸಾಗಾಟ ಬೇರೆ. ಅದನ್ನೂ ಓದಿಕೊಳ್ಳಿ. ಮತ್ತೆ, ‘ಹರಾಜು ಬಿಡಿ, ನೇರ ಯುಪಿಐ ಮಾಡಿ, ಕಡಿಮೆಗೆ ಕೊಡುತ್ತೇನೆ’ ಎಂದರೆ ಬೇಡವೇ ಬೇಡ.

ನಂದಿಯ ಪ್ರಶ್ನೆಗೆ ನನ್ನ ಉತ್ತರ ನಿಮಗೆ ಸ್ವಲ್ಪ ಆಶ್ಚರ್ಯ ತರಬಹುದು. ಬೂದಿ ಬಣ್ಣ ಬಂತು ಎಂದ ಮಾತ್ರಕ್ಕೆ ಅದು ಕಲ್ಲಲ್ಲ ಎನ್ನಲಾರೆ. ಕರಿಕಲ್ಲಿಗೆ ಉಳಿ ಹಾಕಿದರೆ ಮೇಲ್ಮೈ ಬೂದಿಯಾಗಿಯೇ ಕಾಣುತ್ತದೆ. ಪಾಲಿಶ್ ಮಾಡಿದರೆ ಅಥವಾ ಎಣ್ಣೆ ಹಾಕಿದರೆ ಮಾತ್ರ ಕಪ್ಪು. ಮಳೆಗೆ ಹೋದದ್ದು ಎಣ್ಣೆ ಮಸಿ ಇರಬೇಕು. ಮನೆಯಲ್ಲೇ ನೋಡಿ. ಒಣಗಿದ ನಂದಿಯನ್ನು ತೂಗಿ. ಬಕೆಟಿನ ಅಂಚಿನವರೆಗೆ ನೀರು ತುಂಬಿ ಒಂದು ಹರಿವಾಣದಲ್ಲಿ ಇಟ್ಟು, ನಂದಿಯನ್ನು ಪೂರ್ತಿ ಮುಳುಗಿಸಿ. ಹೊರಗೆ ಚೆಲ್ಲಿದ ನೀರನ್ನು ಅಳೆಯಿರಿ. ಕಿಲೊವನ್ನು ಲೀಟರಿನಿಂದ ಭಾಗಿಸಿ. 2.6ಕ್ಕಿಂತ ಮೇಲೆ ಬಂದರೆ ಹೆಚ್ಚಾಗಿ ಕಲ್ಲೇ. 2ಕ್ಕಿಂತ ಕೆಳಗೆ ಬಂದರೆ ರೆಸಿನ್ ಅಥವಾ ಪೊಳ್ಳು. ನಡುವೆ ಬಂದರೆ ಸಿಮೆಂಟ್ ಇರಬಹುದು. ಅನುಮಾನ ಉಳಿದರೆ ಅಡಿಯಲ್ಲಿ, ಕಾಣದ ಜಾಗದಲ್ಲಿ, ಕಾಯಿಸಿದ ಸೇಫ್ಟಿ ಪಿನ್ ಒತ್ತಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಬೇರೆ ಪರೀಕ್ಷೆ ಬೇಡ. ಅಡಿಗೆ ವೆಲ್ವೆಟ್ ಬಟ್ಟೆ ಅಂಟಿಸಿದ್ದರೆ ಮೊದಲು ಅದನ್ನು ಕಿತ್ತು ನೋಡಿ. ಮುಚ್ಚಬೇಕಾದದ್ದು ಏನೋ ಇದ್ದರೇ ಹೆಚ್ಚಾಗಿ ಮುಚ್ಚುವುದು.

ಕಲ್ಲೇ ಎಂದಾದರೆ ನಿಮ್ಮ ಹತ್ತಿರ ಇರುವುದು ಹೊಸ ನಂದಿ. ತೆಂಗಿನೆಣ್ಣೆ ಒರೆಸಿದರೆ ಮತ್ತೆ ಕಪ್ಪಾಗುತ್ತದೆ. ‘ಹಳೆಯದು’ ಎಂದು ಹೇಳಿ ಜಾಸ್ತಿ ತಗೊಂಡಿದ್ದಾರೆ ಎಂಬ ದೂರು ಮಾತ್ರ ಉಳಿಯುತ್ತದೆ, ಮತ್ತು ಅದು ನ್ಯಾಯವಾದ ದೂರು. ಹರಾಜಿನ ಪುಟದ ಸ್ಕ್ರೀನ್‌ಶಾಟ್, ಬಿಲ್ ಇದೆಯಾ ನೋಡಿ. 2020ರ ಇ-ಕಾಮರ್ಸ್ ನಿಯಮದಂತೆ ತಾಣದ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಇಲ್ಲವೇ ಉಡುಪಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. ಎರಡು ವರ್ಷದೊಳಗೆ ದೂರು ಕೊಡಬೇಕು, ನಿಮಗೆ ಇನ್ನೂ ಸಮಯವಿದೆ. ದುಡ್ಡು ತಗೊಂಡು ಮಾಲನ್ನೇ ಕಳಿಸದಿದ್ದರೆ ಅದು ಬೇರೆ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಹೇಳಬೇಕು. ವಿದೇಶಿ ತಾಣವಾದರೆ ಇವುಗಳಿಂದ ಹೆಚ್ಚು ಪ್ರಯೋಜನ ಕಾಣೆ, ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹಾಕುವುದೇ ದಾರಿ.

ಚಾವಡಿಯ ಗಣಪತಿಗೆ ನನ್ನ ಸಲಹೆ, ಹೊಸತು ಮಾಡಿಸಿ. ನಾನು ಶಿಲ್ಪಿ, ಹಾಗೆ ಹೇಳದೆ ಇನ್ನೇನು ಹೇಳುತ್ತಾನೆ ಎಂದು ನೀವು ಅಂದುಕೊಂಡರೆ ಅದೂ ಸರಿಯೇ. ಕಾರ್ಕಳದಲ್ಲಿ ಶಿಲ್ಪಶಾಲೆಗಳಿವೆ, ಪಕ್ಕದ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಸಂಸ್ಥೆಯಲ್ಲಿ ಹುಡುಗರು ಈ ಕೆಲಸ ಕಲಿಯುತ್ತಾರೆ. ಹೋಗುವ ಮೊದಲು ಒಂದು ಮಧ್ಯಾಹ್ನ ಮಂಗಳೂರು ಬಿಜೈಯ ಶ್ರೀಮಂತಿ ಬಾಯಿ ಮ್ಯೂಸಿಯಮ್ಮಿಗೆ ಹೋಗಿ ಬನ್ನಿ, ಹಳೆಯ ಕಲ್ಲು ಹತ್ತಿರದಿಂದ ಹೇಗೆ ಕಾಣುತ್ತದೆ ಎಂದು ಗೊತ್ತಾಗುತ್ತದೆ. ಕಲ್ಲನ್ನು ಕೆತ್ತುವ ಮೊದಲು ನೀವೇ ನೋಡಿ. ಯಜಮಾನರು ಬಡಿದು ನೋಡಲಿ, ಅಲ್ಲಿ ಅವರ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ. ಬಿಲ್ಲಿನಲ್ಲಿ ಕಲ್ಲಿನ ಹೆಸರು, ಅಳತೆ, ಕೆತ್ತಿದ ವರ್ಷ, ಕೆತ್ತಿದವರ ಹೆಸರು ಬರೆಸಿ. ಡಿಸೆಂಬರಿಗೆ ಬೇಕಾದರೆ ಈಗಲೇ ಹೇಳಿ, ಒಕ್ಕಲಿನ ತಿಂಗಳಲ್ಲಿ ಎಲ್ಲರಿಗೂ ಅರ್ಜೆಂಟು.

ಅಣ್ಣನಿಗೂ ಅದೇ ಬಿಲ್ ಬೇಕು. 100 ವರ್ಷ ದಾಟಿದ ಶಿಲ್ಪವನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಿಕ್ಕಿಬಿದ್ದರೆ ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಮೇಲೆ ದಂಡ. ಹೊಸ ಮೂರ್ತಿಗೆ ಆ ತೊಂದರೆ ಇಲ್ಲ. ಆದರೆ ಬಜ್ಪೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ಸಂಶಯ ಬಂದರೆ ಅದು ಹೊಸತು ಎಂದು ತೋರಿಸಬೇಕಾದವ ಅವನೇ. ಹಾಗಾಗಿ ಹಳೆಯದರ ಹಾಗೆ ಕಾಣುವ ಮೂರ್ತಿಯಾದರೆ ಪುರಾತತ್ವ ಸರ್ವೇಕ್ಷಣೆಯಿಂದ ‘ಇದು ಪುರಾತನ ವಸ್ತು ಅಲ್ಲ’ ಎಂಬ ಪ್ರಮಾಣಪತ್ರವನ್ನು ಟಿಕೆಟ್ ಮಾಡುವ ಮೊದಲೇ ತೆಗೆದಿಟ್ಟುಕೊಳ್ಳಲಿ. ಮೂರ್ತಿಯನ್ನು ಶಿಲ್ಪಿಯ ಹತ್ತಿರವೇ ಮರದ ಪೆಟ್ಟಿಗೆಯಲ್ಲಿ ಪ್ಯಾಕ್ ಮಾಡಿಸಿ. ಬಿಲ್ಲಿನ ಒಂದು ಪ್ರತಿ ಪೆಟ್ಟಿಗೆಯ ಒಳಗಿರಲಿ, ಇನ್ನೊಂದು ಅವನ ಕೈಚೀಲದಲ್ಲಿರಲಿ.